ಗೇಟಿಗೆ ಹಚ್ಚುವ ಬಣ್ಣ ಡಸ್ಟರ್ ಕಾರಿಗೆ ನಡೆದೀತೆ?

ಪ್ರಶ್ನೆ: ನಮ್ಮದು ಹಾಸನ, ಈಗ ಇರುವುದು ಮಿಷಿಗನ್‌ನ ಟ್ರಾಯ್‌ನಲ್ಲಿ. ಕಳೆದ ವರ್ಷ 1970ರ ಪ್ಲಿಮತ್ ಡಸ್ಟರ್ ಕೊಂಡೆ. 318 ಘನ ಇಂಚಿನ ವಿ8 (ಎಂಟು ಸಿಲಿಂಡರ್) ಎಂಜಿನ್ ಚೆನ್ನಾಗಿ ಓಡುತ್ತಿದೆ. ಆದರೆ ಬಣ್ಣ ಮಾಸಿದೆ, ಹಿಂದಿನ ಚಕ್ರದ ಮೇಲ್ಭಾಗದಲ್ಲಿ ಗುಳ್ಳೆ ಎದ್ದಿದೆ. ಬಾಡಿ ಶಾಪ್‌ನವರು ಹತ್ತು ಸಾವಿರ ಡಾಲರ್ ಕೇಳುತ್ತಿದ್ದಾರೆ. ಕಾರಿಗೆ ನಾನು ಕೊಟ್ಟದ್ದೇ ಅದಕ್ಕಿಂತ ಕಡಿಮೆ. ಕಬ್ಬಿಣದ ಗೇಟಿಗೆ ಹಚ್ಚುವ ಎನಾಮಲ್ ತಂದು ರೋಲರ್‌ನಲ್ಲಿ ಎಳೆದರೆ ಐವತ್ತು ಡಾಲರ್‌ನಲ್ಲಿ ಮುಗಿಯುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ನಂಬಬಹುದೇ? ಆಗಸ್ಟ್‌ನಲ್ಲಿ ನಡೆಯುವ ಹಳೆಯ ಕಾರುಗಳ ಮೆರವಣಿಗೆ, ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಕಾರು ಸಿದ್ಧವಾಗಬೇಕು.

ಉತ್ತರ: ನಂಬಬಹುದು. ಆದರೆ ಐವತ್ತು ಡಾಲರ್ ಎಂಬುದು ಡಬ್ಬಿಯೊಳಗಿನ ಬಣ್ಣದ ಲೆಕ್ಕ ಮಾತ್ರ. ಉಪ್ಪುಕಾಗದ, ಪ್ರೈಮರ್, ಪಟ್ಟಿ (ತಗ್ಗು ತುಂಬುವ ಪುಟ್ಟಿ), ಮಾಸ್ಕಿಂಗ್ ಟೇಪ್, ಹೊಳಪು ಕೊಡುವ ರಬ್ಬಿಂಗ್ ಕಾಂಪೌಂಡ್ ಎಲ್ಲ ಸೇರಿದರೆ ಅದರ ಕೆಲವು ಪಟ್ಟು ಖರ್ಚಾಗುತ್ತದೆ. ಹಾಗಿದ್ದರೂ ಹತ್ತು ಸಾವಿರದ ಮುಂದೆ ಅದು ಯಾವ ಲೆಕ್ಕವೂ ಅಲ್ಲ. ಶಾಪ್‌ನವರು ಕೇಳುವ ಹಣದಲ್ಲಿ ಬಹುಪಾಲು ಕೂಲಿಯೇ. ಆ ಕೂಲಿಯನ್ನು ನಿಮ್ಮ ಭುಜ, ಮೊಣಕೈಗಳು ಭರಿಸಬೇಕಾಗುತ್ತದೆ. ಉಜ್ಜುವ ಕೆಲಸಕ್ಕೆ ಬೇಸರಪಡುವವರು ಇದಕ್ಕೆ ಕೈ ಹಾಕದಿರುವುದೇ ಲೇಸು.

ಅಂಗಡಿಗೆ ಹೋಗುವ ಮೊದಲು ಕಾರಿನ ಜಾತಕ ನೋಡಿ. ಚಾಲಕನ ಕಡೆ, ಡ್ಯಾಶ್‌ಬೋರ್ಡಿನ ಮೇಲೆ, ಗಾಜಿನ ಮೂಲಕ ಕಾಣುವ ಸಂಖ್ಯೆಯಲ್ಲಿ ಐದನೆಯದು ಎಂಜಿನ್‌ನ ಅಕ್ಷರ. ಅದು ‘ಜಿ’ ಆಗಿದ್ದರೆ ಕಾರ್ಖಾನೆಯಿಂದ ಬಂದಾಗಲೇ 318 ಇತ್ತು. ‘ಸಿ’ ಆಗಿದ್ದರೆ ಮೊದಲಿಗೆ 225 ಸ್ಲ್ಯಾಂಟ್ ಸಿಕ್ಸ್ ಎಂಬ ಆರು ಸಿಲಿಂಡರ್ ಎಂಜಿನ್ ಇದ್ದು, ನಡುವೆ ಯಾರೋ ವಿ8 ಕೂರಿಸಿದ್ದಾರೆ. ಎರಡರಲ್ಲಿ ಯಾವುದಾದರೂ ಧೈರ್ಯವಾಗಿ ಮುಂದುವರಿಯಿರಿ. ‘ಎಚ್’ ಕಂಡರೆ ಮಾತ್ರ ರೋಲರ್ ಕೆಳಗಿಡಿ. ಅದು 275 ಅಶ್ವಶಕ್ತಿಯ ಡಸ್ಟರ್ 340 ಆಗಿ ಹುಟ್ಟಿದ ಕಾರು, ಸಂಗ್ರಾಹಕರು ಹುಡುಕಿಕೊಂಡು ಬರುವಂಥದ್ದು. ಗೇಟಿನ ಬಣ್ಣ ಹಚ್ಚಿದರೆ ಅದರ ಬೆಲೆಯನ್ನು ಕೈಯಾರೆ ಇಳಿಸಿದಂತೆ. 1970ರ ಮಾಡೆಲ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಡಸ್ಟರ್‌ಗಳು ಹೋದವು, ಬಹುತೇಕ ಸಾಧಾರಣ ಎಂಜಿನ್‌ನವು. 318 ಇರುವ ಡಸ್ಟರ್ ಮಸಲ್ ಕಾರೇ (ಭಾರಿ ಎಂಜಿನ್‌ನ ವೇಗದ ಕಾರೇ) ಅಲ್ಲ ಎಂದು ಮೂಗು ಮುರಿಯುವವರು ಇದ್ದಾರೆ. ಮುರಿಯಲಿ, ಉಜ್ಜುವವರು ಅವರಲ್ಲ.

ಬಾನೆಟ್ ಎತ್ತಿದರೆ ಚಾಲಕನ ಕಡೆಯ ಒಳ ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಮೇಲೆ ಒಂದು ಸಣ್ಣ ಲೋಹದ ಫಲಕ ಕಾಣಬೇಕು. ಮೂಲ ಬಣ್ಣದ ಸಂಕೇತ ಅದರ ಮೇಲಿದೆ. ‘ಇವಿ2’ ಎಂದಿದ್ದರೆ ಟಾರ್-ರೆಡ್, ಕಿತ್ತಳೆಯತ್ತ ವಾಲುವ ಕೆಂಪು. ಇದು ಸಾದಾ ಬಣ್ಣ, ರೋಲರ್‌ಗೆ ಒಗ್ಗುತ್ತದೆ. ‘ಎಫ್‌ಸಿ7’ ಎಂದಿದ್ದರೆ ಇನ್-ವಯಲೆಟ್ ಎಂಬ ನೇರಳೆ. ಅದು ಮೆಟಾಲಿಕ್, ರೋಲರ್‌ನಲ್ಲಿ ಸಾಧ್ಯವೇ ಇಲ್ಲ. ಕಾರಣ ಮುಂದಿನ ಉತ್ತರದಲ್ಲಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಟಾರ್-ರೆಡ್ ಎಂಬ ಡಬ್ಬಿ ಇರುವುದಿಲ್ಲ. ಕೆಂಪಿಗೆ ಕಿತ್ತಳೆ ಬೆರೆಸಿ ಹತ್ತಿರ ಬರಬಹುದು. ಹಾಗೆ ಬೆರೆಸುವುದಾದರೆ ಇಡೀ ಕಾರಿಗೆ ಬೇಕಾದಷ್ಟನ್ನೂ ಒಂದೇ ಸಲ ಬೆರೆಸಿಡಿ. ಎರಡನೆಯ ಸಲ ಅದೇ ಕೆಂಪು ಬರುವುದಿಲ್ಲ.

ಇನ್ನು ಆ ಗುಳ್ಳೆಗಳು. ಮಿಷಿಗನ್‌ನಲ್ಲಿ ಚಳಿಗಾಲದುದ್ದಕ್ಕೂ ರಸ್ತೆಗೆ ಉಪ್ಪು ಸುರಿಯುತ್ತಾರೆ. ಡಸ್ಟರ್‌ನ ಹಿಂಬದಿಯ ಕ್ವಾರ್ಟರ್ ಪ್ಯಾನೆಲ್‌ನ (ಹಿಂದಿನ ಚಕ್ರದ ಸುತ್ತಲಿನ ಪಕ್ಕದ ತಗಡಿನ) ಕೆಳಭಾಗ, ಡಿಕ್ಕಿಯ ತಳ, ಮುಂದಿನ ಫೆಂಡರ್‌ನ ತುದಿ ಮೊದಲು ಹೋಗುವ ಜಾಗಗಳು. ಗುಳ್ಳೆ ಹೊರಗೆ ಕಂಡಿತೆಂದರೆ ತುಕ್ಕು ಒಳಗಿನಿಂದ ತಿಂದುಕೊಂಡು ಬಂದಿದೆ ಎಂದೇ ಲೆಕ್ಕ. ಸ್ಕ್ರೂಡ್ರೈವರ್‌ನ ತುದಿಯಿಂದ ಗಟ್ಟಿಯಾಗಿ ಒತ್ತಿ ನೋಡಿ. ಒಳಕ್ಕೆ ಇಳಿದರೆ ಆ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸುಗೆ ಹಾಕಿಸಬೇಕು. ಇದೊಂದಕ್ಕೆ ಹೊರಗಿನವರಿಗೆ ಹಣ ಕೊಟ್ಟರೂ ನಷ್ಟವಿಲ್ಲ. ತೂತಿನ ಮೇಲೆ ಪಟ್ಟಿ ಮೆತ್ತಿ ಬಣ್ಣ ಎಳೆದರೆ ಎರಡನೆಯ ಚಳಿಗಾಲಕ್ಕೆ ಗುಳ್ಳೆ ಮತ್ತೆ ಹಾಜರು. ಪಾಲಿಯೆಸ್ಟರ್ ಪಟ್ಟಿ ತೇವ ಹೀರುತ್ತದೆ, ಹೀರಿದ್ದನ್ನು ತಗಡಿಗೆ ಒಪ್ಪಿಸುತ್ತದೆ. ಬರಿಯ ಪಟ್ಟಿಯನ್ನು ನೀರು ಹಾಕಿ ಉಜ್ಜಬಾರದು ಎನ್ನುವುದೂ ಇದೇ ಕಾರಣಕ್ಕೆ. ಮೇಲ್ಮೈಯಲ್ಲಷ್ಟೇ ಕೆಂಪಾಗಿದ್ದರೆ ತಂತಿಬ್ರಷ್‌ನಿಂದ ತಿಕ್ಕಿ, ಅದಕ್ಕೆಂದೇ ಬರುವ ತುಕ್ಕಿನ ಪ್ರೈಮರ್ ಹಚ್ಚಿದರೆ ಸಾಕು. ಈ ಬಗೆಯ ಬಣ್ಣದ ಮೂಲ ಮೀನೆಣ್ಣೆ: ಹಡಗಿನ ಅಟ್ಟದ ಮೇಲೆ ಚೆಲ್ಲಿದ ಮೀನೆಣ್ಣೆ ತುಕ್ಕನ್ನು ತಡೆಯುವುದನ್ನು ಗಮನಿಸಿದ ಸ್ಕಾಟ್ಲೆಂಡ್ ಮೂಲದ ಕ್ಯಾಪ್ಟನ್ ರಾಬರ್ಟ್ ಫರ್ಗುಸನ್ 1921ರಲ್ಲಿ ರಸ್ಟ್-ಓಲಿಯಮ್ ಕಂಪನಿ ಶುರು ಮಾಡಿದರು.

ಉಜ್ಜುವ ಮೊದಲು ತೊಳೆಯಿರಿ. ಪಾತ್ರೆ ತೊಳೆಯುವ ಸೋಪಿನ ನೀರು, ನಂತರ ವ್ಯಾಕ್ಸ್–ಗ್ರೀಸ್ ತೆಗೆಯುವ ದ್ರಾವಣ, ಈ ಕ್ರಮದಲ್ಲಿ. ಐವತ್ತು ವರ್ಷದ ಮೇಣ, ಸಿಲಿಕಾನ್ ಪಾಲಿಶ್ ಎಲ್ಲ ಆ ಮೈಮೇಲೆ ಕುಳಿತಿವೆ. ತೊಳೆಯದೆ ಉಜ್ಜಿದರೆ ಗೀರುಗಳೊಳಗೆ ಅದನ್ನೇ ತುಂಬಿದಂತಾಗುತ್ತದೆ. ಆಮೇಲೆ ಬಣ್ಣ ಹಚ್ಚಿದಲ್ಲೆಲ್ಲ ದುಂಡಗೆ ಕುಳಿ ಬೀಳುತ್ತದೆ.

ಇಡೀ ಕೆಲಸದಲ್ಲಿ ನಿಮ್ಮ ಸಮಯ ಹೆಚ್ಚು ಬೇಡುವುದು ಮೈ ಸಮ ಮಾಡುವುದು. ಪಟ್ಟಿ ಒಣಗಿದ ಮೇಲೆ ಉದ್ದನೆಯ ಸ್ಯಾಂಡಿಂಗ್ ಬ್ಲಾಕ್‌ಗೆ 80 ನಂಬರಿನ ಉಪ್ಪುಕಾಗದ ಸುತ್ತಿ ಓರೆಯಾಗಿ, ಒಮ್ಮೆ ಈ ಕಡೆಯಿಂದ ಒಮ್ಮೆ ಆ ಕಡೆಯಿಂದ ಎಳೆಯಿರಿ. ಬೆರಳಲ್ಲಿ ಕಾಗದ ಒತ್ತಿ ಉಜ್ಜಿದರೆ ಬೆರಳಿನ ಅಗಲಕ್ಕೇ ಹಳ್ಳ ಬೀಳುತ್ತದೆ. ನಂತರ 180ರ ಕಾಗದ, ಪ್ರೈಮರ್, ಮತ್ತೆ 320ರ ಕಾಗದ. ಪ್ರೈಮರ್ ಒಣಗಿದ ಮೇಲೆ ಅಗ್ಗದ ಕಪ್ಪು ಸ್ಪ್ರೇ ಡಬ್ಬಿಯನ್ನು ಎರಡಡಿ ದೂರ ಹಿಡಿದು ಮೈಮೇಲೆ ಕಪ್ಪು ಹನಿ ಉದುರುವಷ್ಟೇ ಹೊಡೆಯಿರಿ. ಇದಕ್ಕೆ ಗೈಡ್ ಕೋಟ್ ಎನ್ನುತ್ತಾರೆ. ಈಗ ಬ್ಲಾಕ್ ಎಳೆದರೆ ಸಮವಾದ ಜಾಗದಲ್ಲಿ ಕಪ್ಪು ಮೊದಲ ಕೆಲವು ಎಳೆತಕ್ಕೇ ಹೋಗುತ್ತದೆ, ತಗ್ಗಿನಲ್ಲಿ ಉಳಿದುಕೊಳ್ಳುತ್ತದೆ. ಬಾಗಿಲಿನ ನಡುವೆ ಅಂಗೈ ಅಗಲದ ಕಪ್ಪು ಮಚ್ಚೆ ಹಾಗೇ ನಿಂತಿತೆಂದರೆ ಯಾವುದೋ ಪಾರ್ಕಿಂಗ್‌ನಲ್ಲಿ ತಿಂದ ಪೆಟ್ಟು ಅಲ್ಲಿದೆ. ಅಲ್ಲಿಗೆ ಇನ್ನೊಂದು ತೆಳು ಪಟ್ಟಿ. ಸುತ್ತಲಿನ ಎತ್ತರವನ್ನೇ ಕೆರೆದು ಮಚ್ಚೆಯನ್ನು ಮಾಯ ಮಾಡಲು ಹೊರಡಬೇಡಿ, ತಗಡು ಹೊರಬರುತ್ತದೆ. ಕಣ್ಣಿಗೆ ಅನುಮಾನ ಬಂದಲ್ಲಿ ತೆಳುವಾದ ಹತ್ತಿ ಕೈಗವಸು ಹಾಕಿ ಸವರಿ ನೋಡಿ, ಬರಿಗೈಗಿಂತ ಚೆನ್ನಾಗಿ ತಿಳಿಯುತ್ತದೆ. ಬಣ್ಣ ಹೊಳೆದಷ್ಟೂ ತಗ್ಗುಗಳು ಎದ್ದು ಕಾಣುತ್ತವೆ. ಆದ್ದರಿಂದ ಅವಸರವನ್ನು ಇಲ್ಲಿ ಮಾತ್ರ ತೋರಿಸಬೇಡಿ.

ಹಳೆಯ ಬಣ್ಣದಲ್ಲಿ, ಅದರಲ್ಲೂ ಆ ಕಾಲದ ಕೆಂಪು, ಹಳದಿಗಳಲ್ಲಿ, ಸೀಸ ಇರುವ ಸಾಧ್ಯತೆ ಹೆಚ್ಚು. ಅದನ್ನು ನೀರು ಹಾಕಿಯೇ ಉಜ್ಜಿ, ಪಿ100 ಮಾಸ್ಕ್ ಧರಿಸಿ, ಮಕ್ಕಳನ್ನು ಗ್ಯಾರೇಜಿನಿಂದ ದೂರವಿಡಿ.

ಬಣ್ಣ ಹಚ್ಚುವ ಕೆಲಸವೇ ಇವೆಲ್ಲಕ್ಕಿಂತ ಸುಲಭ. ಆಲ್ಕಿಡ್ ಎನಾಮಲ್‌ಗೆ (ಗೇಟಿಗೆ ಹಚ್ಚುವುದು ಇದನ್ನೇ) ಮಿನರಲ್ ಸ್ಪಿರಿಟ್ಸ್ ಎಂಬ ಥಿನ್ನರ್ ಬೆರೆಸಿ ತಿಳಿ ಮಜ್ಜಿಗೆಯ ಹದಕ್ಕೆ ತನ್ನಿ. ನಾಲ್ಕಿಂಚಿನ ಒತ್ತು ಫೋಮ್ ರೋಲರ್‌ನಲ್ಲಿ ಒಂದೊಂದೇ ಪ್ಯಾನೆಲ್ ತೆಳ್ಳಗೆ ಎಳೆಯಿರಿ, ತಕ್ಷಣ ಒಣ ಫೋಮ್ ಬ್ರಷ್‌ನ ತುದಿಯನ್ನು ಮೇಲೆ ಆಡಿಸಿ ನೊರೆ ಒಡೆಯಿರಿ. ಮೊದಲ ಕೋಟ್ ನೋಡಿದರೆ ಮನಸ್ಸು ಕುಗ್ಗುತ್ತದೆ, ಕೆಳಗಿನ ಪ್ರೈಮರ್ ಪೂರ್ತಿ ಕಾಣುತ್ತಿರುತ್ತದೆ. ಹಾಗೇ ಇರಬೇಕು. ದಪ್ಪಗೆ ಹಚ್ಚಿ ಒಂದೇ ಸಲ ಮುಚ್ಚಲು ಹೋದವರು ಕೆಡುತ್ತಾರೆ: ಆಲ್ಕಿಡ್ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವ ಬಣ್ಣ, ದಪ್ಪವಾದರೆ ಮೇಲೆ ಕೆನೆಗಟ್ಟಿ ಒಳಗೆ ಮೆತ್ತಗೇ ಉಳಿಯುತ್ತದೆ. ಕೋಟ್‌ಗಳ ನಡುವೆ ಒಂದು ಪೂರ್ತಿ ದಿನ ಬಿಡಿ. ಎರಡು ಕೋಟ್ ಆದಾಗಲೊಮ್ಮೆ 600ರ ವಾಟರ್ ಪೇಪರ್‌ನಿಂದ ನೀರುಜ್ಜು ಕೊಡಿ. ರೋಲರ್ ಬಿಡುವ ಕಿತ್ತಳೆ ಸಿಪ್ಪೆಯಂಥ ಮೈ ಅಲ್ಲೇ ಸಮವಾಗುತ್ತದೆ. ಒಟ್ಟು ಆರರಿಂದ ಎಂಟು ಕೋಟ್. ಎರಡು ಮೂರು ಕ್ವಾರ್ಟ್ (ಸುಮಾರು ಒಂದು ಲೀಟರಿನ) ಡಬ್ಬಿ ಸಾಕು. ಹತ್ತು ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಕೆಲಸ ನಿಲ್ಲಿಸಿ.

ಕೊನೆಯ ಕೋಟ್ ನಂತರ ಕೆಲವು ವಾರ ಕಾರನ್ನು ಮುಟ್ಟಬೇಡಿ. ಆಮೇಲೆ 1000, 1500, 2000ದ ವಾಟರ್ ಪೇಪರ್, ಅದರ ಮೇಲೆ ರಬ್ಬಿಂಗ್ ಕಾಂಪೌಂಡ್. ಅಂಚುಗಳಿಗೆ ಮೊದಲೇ ಟೇಪ್ ಅಂಟಿಸಿ, ಬಣ್ಣ ಸವೆದು ಹೋಗುವುದು ಅಲ್ಲೇ. ವುಡ್‌ವರ್ಡ್ ಮೆರವಣಿಗೆ ಆಗಸ್ಟ್‌ನ ಮೂರನೆಯ ಶನಿವಾರ. ಲೆಕ್ಕ ಹಾಕಿದರೆ ತಗಡಿನ ಕೆಲಸ ಏಪ್ರಿಲ್‌ನಲ್ಲಿ ಮುಗಿದಿರಬೇಕು, ಮೊದಲ ಬಣ್ಣ ಮೇ ಕೊನೆಯೊಳಗೆ ಬಿದ್ದಿರಬೇಕು.

ಮೂರು ಮಾತು ಉಳಿದಿವೆ. ಬೇಗ ಒಣಗಲಿ, ಹೊಳಪು ಬರಲಿ ಎಂದು ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಲ್ಲಿ ಎನಾಮಲ್‌ಗೆ ಬೆರೆಸುವ ಹಾರ್ಡನರ್ ಮಾರುತ್ತಾರೆ. ಅದರಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಒಮ್ಮೆ ಮೈಗೆ ಒಗ್ಗದೆ ಹೋದರೆ ಜೀವನಪೂರ್ತಿ ಅಸ್ತಮಾ. ಮನೆಯಲ್ಲಿ ಬೇಡ. ಎನಾಮಲ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ. ಇನ್ನೊಂದು, ಮುಂದೆಂದಾದರೂ ಶಾಪ್‌ನಲ್ಲಿ ಒಳ್ಳೆಯ ಬಣ್ಣ ಹೊಡೆಸುವ ಆಸೆ ಇದ್ದರೆ ಈ ಎನಾಮಲ್ ಪೂರ್ತಿ ಕೆರೆಸಬೇಕಾಗುತ್ತದೆ. ಅದರ ಮೇಲೆ ಬಲವಾದ ಥಿನ್ನರ್‌ನ ಬಣ್ಣ ಬಿದ್ದರೆ ಮುದುಡಿ ಏಳುತ್ತದೆ.

ಪ್ರಶ್ನೆ: ಹ್ಯೂಸ್ಟನ್‌ನಿಂದ ಬರೆಯುತ್ತಿದ್ದೇನೆ. 1967ರ ಮಸ್ಟಾಂಗ್‌ಗೆ ಮೆಟಾಲಿಕ್ ನೀಲಿ ಬೇಕು. ರೋಲರ್ ಆಗದಿದ್ದರೆ ಸ್ಪ್ರೇ ಡಬ್ಬಿಗಳಲ್ಲಿ ಹೊಡೆಯಲೇ?

ಉತ್ತರ: ಬೇಡ. ಮೆಟಾಲಿಕ್ ಬಣ್ಣದಲ್ಲಿ ಸಣ್ಣ ಅಲ್ಯೂಮಿನಿಯಂ ಚೂರುಗಳಿರುತ್ತವೆ, ಅವು ಒಂದೇ ಬಗೆಯಲ್ಲಿ ಮಲಗಿದರೆ ಮಾತ್ರ ಬಣ್ಣ ಏಕರೂಪ. ರೋಲರ್ ಅವನ್ನು ಎಳೆದಾಡಿ ಪಟ್ಟೆ ಮೂಡಿಸುತ್ತದೆ. ಸ್ಪ್ರೇ ಡಬ್ಬಿಯ ಬೀಸು ಕಿರಿದು. ಬಾನೆಟ್‌ನಂಥ ಅಗಲ ಜಾಗದಲ್ಲಿ ಒಂದು ಬೀಸು ಇನ್ನೊಂದರ ಮೇಲೆ ಬಿದ್ದ ಗುರುತು ಉಳಿದುಬಿಡುತ್ತದೆ. ಮೆಟಾಲಿಕ್ ಅನ್ನು ನೀರುಜ್ಜು ಮಾಡಿ ಸರಿಪಡಿಸುವ ದಾರಿಯೂ ಇಲ್ಲ, ಚೂರುಗಳೇ ಕತ್ತರಿಸಿ ಹೋಗುತ್ತವೆ.

ಬೇರೆ ದಾರಿ ಇದೆ. ಲಾಸ್ ಏಂಜಲೀಸ್‌ನ ಅರ್ಲ್ ಶೈಬ್ 1937ರಲ್ಲಿ ಅಂಗಡಿ ತೆರೆದು, ಯಾವ ಕಾರಿಗಾದರೂ ಯಾವ ಬಣ್ಣವಾದರೂ 29.95 ಡಾಲರ್‌ಗೆ ಎಂದು ಟಿವಿಯಲ್ಲಿ ಸಾರಿ ದೇಶಕ್ಕೆಲ್ಲ ಹೆಸರಾದರು. 2010ರಲ್ಲಿ ಆ ಸರಣಿ ಮುಚ್ಚಿತು. ಅಷ್ಟು ಅಗ್ಗವಾಗಲು ಕಾರಣ ತಯಾರಿಗೆ ಹೊತ್ತು ಕೊಡದಿರುವುದು. ಅಂಥ ಅಗ್ಗದ ಅಂಗಡಿಗಳು ಈಗಲೂ ಇವೆ. ತಗಡು, ಪಟ್ಟಿ, ಪ್ರೈಮರ್, ಉಜ್ಜುವಿಕೆ ಎಲ್ಲವನ್ನೂ ಮನೆಯಲ್ಲಿ ಮುಗಿಸಿ. ಬಂಪರ್, ದೀಪ, ಕ್ರೋಮ್ ಪಟ್ಟಿ, ಬಾಗಿಲ ಹಿಡಿಕೆಗಳನ್ನು ನೀವೇ ಬಿಚ್ಚಿ. ಸ್ಪ್ರೇ ಮಾತ್ರ ಅವರ ಬೂತ್‌ನಲ್ಲಿ ಮಾಡಿಸಿ. ಯಾವ ಪ್ರೈಮರ್ ಬಳಸಬೇಕೆಂದು ಮೊದಲೇ ಅವರನ್ನೇ ಕೇಳಿ, ಅದನ್ನೇ ತನ್ನಿ. ಮೇಲಿನ ಉತ್ತರದ ತುಕ್ಕಿನ ಪ್ರೈಮರ್ ಇಲ್ಲಿ ಸಲ್ಲದು.

ಪ್ರಶ್ನೆ: ಮೈಸೂರಿನಲ್ಲಿ ತಂದೆಯವರ ಹಳೆಯ ಕಾಂಟೆಸ್ಸಾ ಕಾರು ನಿಂತಿದೆ. ಭಾರತದ ಮಸಲ್ ಕಾರು ಎಂದು ಗೆಳೆಯರು ಹುರಿದುಂಬಿಸುತ್ತಾರೆ. ಮಿಲಿಟರಿ ಹಸಿರು ಬಣ್ಣವನ್ನು ನಾನೇ ರೋಲರ್‌ನಲ್ಲಿ ಹಚ್ಚಬೇಕೆಂದಿದ್ದೇನೆ.

ಉತ್ತರ: ಬಣ್ಣ ಬದಲಿಸಿ. ಕೇಂದ್ರ ಮೋಟಾರು ವಾಹನ ನಿಯಮಗಳ 121ನೆಯ ನಿಯಮದ ಪ್ರಕಾರ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ಬೇರೆ ಯಾವ ಬಣ್ಣ ಆರಿಸಿದರೂ ಆರ್‌ಸಿಯಲ್ಲಿರುವುದಕ್ಕಿಂತ ಭಿನ್ನವಾಗಿದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ದಾಖಲೆಯಲ್ಲಿ ತಿದ್ದಿಸಿಕೊಳ್ಳಬೇಕು.

ರೋಲರ್ ವಿಚಾರಕ್ಕೆ ಬಂದರೆ, ಅಮೆರಿಕದ ಲೆಕ್ಕ ಇಲ್ಲಿ ಕೂಡುವುದಿಲ್ಲ. ಅಲ್ಲಿ ಕೂಲಿ ದುಬಾರಿ ಎಂದೇ ಜನ ರೋಲರ್ ಹಿಡಿದದ್ದು. ಮೈಸೂರಿನಲ್ಲಿ ಒಳ್ಳೆಯ ಟಿಂಕರಿಂಗ್–ಪೇಂಟಿಂಗ್ ಕೆಲಸಗಾರರು ಸಿಗುತ್ತಾರೆ, ಅವರಿಗೇ ಒಪ್ಪಿಸಿ, ಎದುರಿಗೆ ನಿಂತು ಎರಡು ಸಂಗತಿ ನೋಡಿಕೊಳ್ಳಿ. ತುಕ್ಕು ಹಿಡಿದ ತಗಡನ್ನು ಕತ್ತರಿಸದೆ ಪಟ್ಟಿ ಮೆತ್ತಲು ಬಿಡಬೇಡಿ; ಒಂದು ಸಣ್ಣ ಆಯಸ್ಕಾಂತ ಜೇಬಿನಲ್ಲಿರಲಿ, ಅದು ಅಂಟದ ಕಡೆ ಪಟ್ಟಿ ದಪ್ಪಗಿದೆ. ಹಳೆಯ ಬಣ್ಣದ ಮೇಲೆ ಯಾರಾದರೂ ಸಾದಾ ಎನಾಮಲ್ ಹಚ್ಚಿದ್ದರೆ ಅದರ ಮೇಲೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ ಹೊಡೆಸಬೇಡಿ, ಹೊಡೆದ ಹೊತ್ತಿಗೇ ಸುಕ್ಕುಗಟ್ಟುತ್ತದೆ. ಅನುಮಾನವಿದ್ದರೆ ಡಿಕ್ಕಿಯ ಒಳಗಡೆ ಥಿನ್ನರ್ ಅದ್ದಿದ ಬಟ್ಟೆ ಒತ್ತಿಡಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಎನ್‌ಸಿ, ಸುಕ್ಕುಗಟ್ಟಿ ಎದ್ದರೆ ಎನಾಮಲ್, ಏನೂ ಆಗದಿದ್ದರೆ ಎರಡು ಘಟಕಗಳ ಗಟ್ಟಿ ಬಣ್ಣ. ಕೆಲಸಕ್ಕೆ ಒಪ್ಪಿಸುವ ದಿನವೇ ಈ ಫಲಿತಾಂಶವನ್ನು ಪೇಂಟರ್‌ಗೆ ತಿಳಿಸಿ. ಮಳೆಗಾಲ ಕಳೆದ ಮೇಲೆ ಕೆಲಸ ಹಿಡಿಸಿ.