ಕಾರ್ಪೆಟ್ ಮೂಲೆಯ ಬೂಷ್ಟು ಒರೆಸಿದರೂ ಮತ್ತೆ ಬರುತ್ತಿದೆ, ಏನು ಮಾಡಲಿ?

ನೀವು ಬರೆದಿರುವುದು ಇಷ್ಟು: ಮಲಗುವ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿದೆ, ಬೀರುವಿನ ಹಿಂದಿನ ಮೂಲೆಯಲ್ಲಿ ಬೂದು-ಹಸಿರು ಕಲೆ ಕಂಡಿತು, ವಿನೆಗರ್ ಹೊಡೆದು ಉಜ್ಜಿದಿರಿ, ಕಲೆ ಹೋಯಿತು, ಕೆಲವೇ ವಾರಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಬಂತು. ಮುಗ್ಗಲು ವಾಸನೆಯಂತೂ ಹೋಗಲೇ ಇಲ್ಲ. ವಿನೆಗರ್‌ಗಿಂತ ಜೋರಾದದ್ದು ಯಾವುದಿದೆ ಎಂದು ಕೇಳಿದ್ದೀರಿ.

ಕಾರ್ಪೆಟ್ ಹಾಸುವುದು, ತೊಳೆಯುವುದು ನನ್ನ ಕಸುಬು. ಆದ್ದರಿಂದ ನೇರವಾಗಿ ಹೇಳುತ್ತೇನೆ, ಜೋರಾದ ಔಷಧಿ ಹುಡುಕುವುದನ್ನು ಸದ್ಯಕ್ಕೆ ಬಿಡಿ. ಆ ಮೂಲೆಗೆ ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಮೊದಲು ಪತ್ತೆ ಹಚ್ಚಿ. ಬೂಷ್ಟಿನ ಬೀಜಕಣಗಳು ಎಲ್ಲರ ಮನೆಯ ಗಾಳಿಯಲ್ಲೂ ಇರುತ್ತವೆ, ಅವನ್ನು ಪೂರ್ತಿ ಇಲ್ಲದಂತೆ ಮಾಡುವುದು ಯಾರಿಂದಲೂ ಆಗದ ಕೆಲಸ. ಅವಕ್ಕೆ ಬೇಕಾದ ಆಹಾರವೂ ಕಾರ್ಪೆಟ್ ಬುಡದಲ್ಲೇ ಸಿಗುತ್ತದೆ: ಧೂಳು, ನಮ್ಮ ಚರ್ಮದಿಂದ ಉದುರುವ ಹೊಟ್ಟು, ಕೆಲವು ಕಾರ್ಪೆಟ್‌ಗಳ ಹಿಂಬದಿಯ ಸೆಣಬು. ಕಾರ್ಪೆಟ್ ಪೂರ್ತಿ ಸಿಂಥೆಟಿಕ್ ಆಗಿದ್ದರೂ ಬೂಷ್ಟು ಹಿಡಿಯುವುದು ಇದಕ್ಕೇ, ಅದು ತಿನ್ನುವುದು ನೂಲಿನಲ್ಲಿ ಕೂತ ಕೊಳೆಯನ್ನು. ಮನೆಯೊಳಗಿನ ಬೆಚ್ಚನೆಯ ಹವೆಯೂ ಅದಕ್ಕೆ ಹೊಂದುತ್ತದೆ. ನಮ್ಮ ಹಿಡಿತಕ್ಕೆ ಸಿಗುವುದು ತೇವ ಒಂದೇ.

ಹಾಗಾಗಿ ಮೊದಲ ಕೆಲಸ, ಬೀರು ಸರಿಸಿ ಆ ಮೂಲೆಯ ಕಾರ್ಪೆಟ್ಟನ್ನು ಎತ್ತಿ ನೋಡುವುದು. ಬಹಳಷ್ಟು ಜನ ಮಾಡದೆ ಬಿಡುವ ಕೆಲಸ ಇದೇ. ಎನ್-95 ಮಾಸ್ಕ್, ರಬ್ಬರ್ ಕೈಗವಸು, ಕಣ್ಣಿಗೆ ಗಾಳಿ ತೂತುಗಳಿಲ್ಲದ ಕನ್ನಡಕ ಹಾಕಿಕೊಳ್ಳಿ. ಫ್ಯಾನ್, ಎಸಿ ಆರಿಸಿ. ಮೂಲೆಯ ನೂಲನ್ನು ಇಕ್ಕಳದಲ್ಲಿ ಹಿಡಿದು ನಿಧಾನವಾಗಿ ಮೇಲಕ್ಕೆ ಎಳೆದರೆ ಗೋಡೆಯಂಚಿನ ಮೊಳೆಪಟ್ಟಿಯಿಂದ ಕಾರ್ಪೆಟ್ ಬಿಟ್ಟುಕೊಳ್ಳುತ್ತದೆ. ಆ ಮೊಳೆಗಳು ಚೂಪಾಗಿರುತ್ತವೆ, ಬರಿಗೈ ಹಾಕಬೇಡಿ.

ಈಗ ಮೂರು ಪದರಗಳು ಕಾಣುತ್ತವೆ: ಕಾರ್ಪೆಟ್‌ನ ಹಿಂಬದಿ, ಅದರಡಿಯ ಫೋಮ್ ಪ್ಯಾಡ್, ಕೆಳಗಿನ ನೆಲ. ಹಿಂಬದಿ ಮತ್ತು ಪ್ಯಾಡ್ ಒಣಗಿ ಶುಭ್ರವಾಗಿದ್ದು ಕಲೆ ಮೇಲಷ್ಟೇ ಇದ್ದರೆ ನಿಮ್ಮ ಅದೃಷ್ಟ. ಗಾಳಿಯ ತೇವ ತಣ್ಣನೆಯ ಗೋಡೆಗೆ ತಾಗಿ ಹನಿಗಟ್ಟಿರಬೇಕು, ಇಲ್ಲವೇ ಯಾವಾಗಲೋ ಏನೋ ಚೆಲ್ಲಿರಬೇಕು. ಪ್ಯಾಡ್ ಕಪ್ಪಾಗಿ ಪಸೆಪಸೆಯಾಗಿದ್ದರೆ ನೀರು ನೆಲದಿಂದಲೋ ಗೋಡೆಯಿಂದಲೋ ಬರುತ್ತಿದೆ. ಮೊಳೆಗಳಿಗೆ ತುಕ್ಕು ಹಿಡಿದಿದೆಯೇ ಎಂದು ತಪ್ಪದೆ ನೋಡಿ. ತುಕ್ಕು ಹಿಡಿದಿದ್ದರೆ ತೇವ ನಿನ್ನೆ ಮೊನ್ನೆಯದಲ್ಲ. ಇನ್ನು, ಕಾಂಕ್ರೀಟಿನ ಮೇಲೆ ಬಿಳಿ ಪುಡಿ ಕಂಡರೆ ಬೂಷ್ಟೆಂದು ಗಾಬರಿಯಾಗಬೇಡಿ. ಒಂದು ಹನಿ ನೀರು ಹಾಕಿ; ಕರಗಿದರೆ ಅದು ಉಪ್ಪು. ಆದರೆ ಆ ಉಪ್ಪೂ ಒಂದು ಸುಳಿವೇ, ನೀರು ಕಾಂಕ್ರೀಟಿನೊಳಗಿಂದ ಬಂದು ಆರಿಹೋಗುವಾಗ ಅದನ್ನು ಅಲ್ಲಿ ಬಿಟ್ಟುಹೋಗಿದೆ.

ನೆಲದ ಮೇಲೆ ಅನುಮಾನವಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಸುಮಾರು 18 ಇಂಚು ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಬರಿ ಕಾಂಕ್ರೀಟಿನ ಮೇಲಿಟ್ಟು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ, ಕನಿಷ್ಠ 16 ಗಂಟೆ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ, ಅಥವಾ ಅದರಡಿಯ ಕಾಂಕ್ರೀಟ್ ಸುತ್ತಲಿಗಿಂತ ಕಪ್ಪಾಗಿದ್ದರೆ ತೇವ ಕೆಳಗಿಂದ ಏರುತ್ತಿದೆ. ನೆಲ ಒಣಗಿದೆ ಎಂದಾದರೆ ಗೋಡೆ ನೋಡಿ. ಅದರ ಆಚೆ ಸ್ನಾನದ ಮನೆ ಇದ್ದರೆ ಪೈಪ್ ಸೋರುತ್ತಿರಬಹುದು, ಹೊರಗೋಡೆಯಾಗಿದ್ದರೆ ಬಿರುಕಿನಿಂದ ಮಳೆನೀರು ಇಳಿಯುತ್ತಿರಬಹುದು. ಇವೆರಡೂ ಇಲ್ಲದಿದ್ದರೆ ಬೀರುವೇ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಗೋಡೆಗೆ ಒತ್ತಿ ನಿಲ್ಲಿಸಿದ ಬೀರುವಿನ ಹಿಂದೆ ಗಾಳಿ ಆಡುವುದಿಲ್ಲ, ಗೋಡೆ ತಣ್ಣಗಿರುತ್ತದೆ, ಕೋಣೆಯ ತೇವವೆಲ್ಲ ಅಲ್ಲಿ ಹೋಗಿ ಕೂರುತ್ತದೆ. ಬೀರುವನ್ನು ನಾಲ್ಕು ಬೆರಳು ಮುಂದಕ್ಕೆ ತಂದರೆ ಎಷ್ಟೋ ಕಡೆ ಅಷ್ಟೇ ಸಾಕಾಗುತ್ತದೆ.

ಎಸೆಯಬೇಕೋ ಉಳಿಸಿಕೊಳ್ಳಬಹುದೋ ಎಂಬ ಪ್ರಶ್ನೆಗೆ ನನ್ನ ನಿಲುವು ಸ್ವಲ್ಪ ಕಠಿಣ. ಚರಂಡಿ ನೀರು ಅಥವಾ ಪ್ರವಾಹದ ನೀರು ನುಗ್ಗಿದ ಕಾರ್ಪೆಟ್ಟನ್ನು ಉಳಿಸಿಕೊಳ್ಳುವ ಮಾತೇ ಬೇಡ. ಬೂಷ್ಟು ಹಿಡಿದ ಪ್ಯಾಡನ್ನು ತೊಳೆಯಲು ಹೋಗಬೇಡಿ, ಸ್ಪಂಜಿನಂಥ ವಸ್ತುವಿನ ಒಡಲಿಗೆ ಇಳಿದ ಬೂಷ್ಟು ಈಚೆ ಬರುವುದಿಲ್ಲ. ಆ ಭಾಗ ಕತ್ತರಿಸಿ ಹೊಸದು ಹಾಕಿ. ಕಾರ್ಪೆಟ್‌ನ ಹಿಂಬದಿಯೇ ಕಪ್ಪಾಗಿದ್ದರೆ, ಅಥವಾ ಪದರ ಬಿಟ್ಟುಕೊಳ್ಳುತ್ತಿದ್ದರೆ ಆ ತುಂಡನ್ನೂ ಬಿಡಿ. ಬೂಷ್ಟು ಸುಮಾರು 10 ಚದರ ಅಡಿಗಿಂತ ಹೆಚ್ಚು ಹರಡಿದ್ದರೆ ಈ ಕೆಲಸ ಬಲ್ಲವರನ್ನು ಕರೆಸಿ. ಕೈಯಲ್ಲಿ ನೇಯ್ದ ಉಣ್ಣೆಯ ಅಥವಾ ರೇಷ್ಮೆಯ ರತ್ನಗಂಬಳಿಯಾಗಿದ್ದರೆ ಮನೆಯಲ್ಲಿ ಪ್ರಯೋಗ ಮಾಡಬೇಡಿ, ಅಂಥವನ್ನೇ ತೊಳೆಯುವವರ ಕೈಗೆ ಕೊಡಿ.

ನಿಮ್ಮದು ಸಣ್ಣ ಮೂಲೆ, ಆದ್ದರಿಂದ ನೀವೇ ಮಾಡಬಹುದು. ಕೋಣೆಯ ಬಾಗಿಲು ಮುಚ್ಚಿ. ಕಿಟಕಿಯಲ್ಲಿ ಒಂದು ಟೇಬಲ್ ಫ್ಯಾನನ್ನು ಹೊರಮುಖವಾಗಿ ಇಟ್ಟರೆ ಒಳಗಿನ ಗಾಳಿ ಆಚೆ ಹೋಗುತ್ತದೆ. ಒಣಗಿದ ಬೂಷ್ಟಿನ ಕಡೆಗೆ ಫ್ಯಾನ್ ತಿರುಗಿಸಿದಿರೋ, ಬೀಜಕಣಗಳನ್ನು ಮನೆಗೆಲ್ಲ ನೀವೇ ಬಿತ್ತಿದ ಹಾಗೆ. ಕೆಟ್ಟ ಪ್ಯಾಡಿನ ಮೇಲೆ ಧೂಳೇಳದಷ್ಟು ಮಾತ್ರ ನೀರು ಚಿಮುಕಿಸಿ, ಕೋಣೆಯೊಳಗೇ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಕಟ್ಟಿದ ಮೇಲೆ ಹೊರಗೆ ಒಯ್ಯಿರಿ. ಉಳಿದ ಕಾರ್ಪೆಟ್‌ಗೆ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಕ್ಲೀನರ್ ಬಳಸಿ. 0.3 ಮೈಕ್ರಾನ್ ಗಾತ್ರದ ಕಣಗಳಲ್ಲೂ ಶೇ. 99.97ರಷ್ಟನ್ನು ಅದು ಹಿಡಿಯುತ್ತದೆ, ಬೂಷ್ಟಿನ ಬೀಜಕಣಗಳು ಅದಕ್ಕಿಂತ ದೊಡ್ಡವು. ಸಾಮಾನ್ಯ ವ್ಯಾಕ್ಯೂಮ್ ಮುಂದಿನಿಂದ ಎಳೆದದ್ದನ್ನು ಹಿಂದಿನಿಂದ ಊದುತ್ತದೆ. ಹೆಪಾ ಇಲ್ಲದಿದ್ದರೆ ವ್ಯಾಕ್ಯೂಮ್ ಮಾಡುವುದನ್ನೇ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿ.

ಆಮೇಲೆ ಸೌಮ್ಯ ಡಿಟರ್ಜೆಂಟ್ ಕದಡಿದ ನೀರಲ್ಲಿ ಬಿಳಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಕಲೆಯ ಅಂಚಿನಿಂದ ನಡುವಿಗೆ ಒತ್ತುತ್ತಾ ಬನ್ನಿ. ಹಿಂಬದಿಗೂ ಹೀಗೆಯೇ ಮಾಡಿ. ಬರಿ ನೀರಿನ ಬಟ್ಟೆಯಲ್ಲಿ ಸೋಪಿನಂಶ ತೆಗೆಯಿರಿ, ಉಳಿದರೆ ಅದು ಕೊಳೆಯನ್ನು ಎಳೆದುಕೊಳ್ಳುತ್ತದೆ. ಒಣ ಟವೆಲ್ ಹಾಸಿ ಮೇಲೆ ನಿಂತು ನೀರು ಹೀರಿಸಿ. ಮೂಲೆಯ ಕೆಳಗೆ ಏನಾದರೂ ಒತ್ತುಕೊಟ್ಟು ಎತ್ತರಿಸಿ, ಈಗ ಧೈರ್ಯವಾಗಿ ಎರಡೂ ಬದಿಗೆ ಫ್ಯಾನ್ ಹಾಕಿ. ನೆಲವೂ ಕಾರ್ಪೆಟ್ಟೂ ಪೂರ್ತಿ ಒಣಗುವ ತನಕ ಮುಚ್ಚಬೇಡಿ.

ವಿನೆಗರ್ ಬಗ್ಗೆ ಒಂದು ಮಾತು. ಅದು ಕೆಲವು ಜಾತಿಯ ಬೂಷ್ಟನ್ನು ಕೊಲ್ಲುತ್ತದೆ, ಕೆಲವು ಅದಕ್ಕೆ ಜಗ್ಗುವುದಿಲ್ಲ. ಆದರೆ ಅಂಗಡಿಯ ವಿನೆಗರ್‌ನಲ್ಲಿ ಬಹುಪಾಲು ನೀರೇ ಇರುವುದು. ಧಾರಾಳವಾಗಿ ಹೊಡೆದು ಉಜ್ಜಿದಾಗ ಆ ನೀರು ಪ್ಯಾಡಿಗೆ ಇಳಿಯುತ್ತದೆ, ಮೇಲೆ ಕಲೆ ಮಾಯವಾಗಿ ಕೆಳಗೆ ಬೆಳೆ ಮುಂದುವರಿಯುತ್ತದೆ. ಶೇ. 3ರ ಹೈಡ್ರೋಜನ್ ಪೆರಾಕ್ಸೈಡನ್ನು ಕಲೆಗೆ ಬಳಸಬಹುದು, ಬಣ್ಣ ತೆಗೆಯುವ ಗುಣ ಇರುವುದರಿಂದ ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ ನೋಡಿ. ಅಡುಗೆ ಸೋಡಾ ವಾಸನೆ ಕಡಿಮೆ ಮಾಡುತ್ತದೆ, ಅದರಿಂದ ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಬೇಡಿ.

ಬ್ಲೀಚ್ ಮಾತ್ರ ಬೇಡವೇ ಬೇಡ. ಕಾರ್ಪೆಟ್‌ನ ಬಣ್ಣ ಹೋಗುತ್ತದೆ, ಉಣ್ಣೆಯಾದರೆ ನೂಲೇ ಕರಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ: ನೀವು ಈಗಾಗಲೇ ವಿನೆಗರ್ ಹಾಕಿದ್ದೀರಿ. ಬ್ಲೀಚ್ ಜೊತೆ ವಿನೆಗರ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅಮೋನಿಯಾ ಇರುವ ಕ್ಲೀನರ್ ಸೇರಿದರೂ ವಿಷಾನಿಲವೇ. ಮುಚ್ಚಿದ ಕೋಣೆಯಲ್ಲಿ ಇದು ಪ್ರಾಣಕ್ಕೆ ಕುತ್ತು. ಇಷ್ಟಕ್ಕೂ ಬೂಷ್ಟನ್ನು ಕೊಂದರೆ ಸಾಲದು, ಸತ್ತ ಬೂಷ್ಟಿನ ಕಣಗಳಿಂದಲೂ ಸೀನು, ಉಬ್ಬಸ ಬರುತ್ತದೆ. ಅದನ್ನು ಅಲ್ಲಿಂದ ತೆಗೆಯಲೇಬೇಕು.

ಮನೆಯಲ್ಲಿ ಆಸ್ತಮಾ ಇರುವವರು, ಎಳೆ ಮಕ್ಕಳು, ಕೀಮೋಥೆರಪಿಯಲ್ಲಿರುವವರು ಅಥವಾ ಬೇರೆ ಕಾರಣಕ್ಕೆ ರೋಗನಿರೋಧಕ ಶಕ್ತಿ ಕುಗ್ಗಿದವರು ಇದ್ದರೆ ದಯವಿಟ್ಟು ಕೆಲಸ ಮುಗಿಯುವವರೆಗೆ ಆ ಕೋಣೆಯಿಂದ ದೂರವಿಡಿ. ಕಪ್ಪು ಬೂಷ್ಟು ಯಾವ ಜಾತಿಯದೆಂದು ಪರೀಕ್ಷೆ ಮಾಡಿಸಬೇಕೇ ಎಂದು ಅನೇಕರು ಕೇಳುತ್ತಾರೆ. ಯಾವ ಜಾತಿಯಾದರೂ ತೆಗೆಯುವ ಬಗೆ ಇದೇ ಆದ್ದರಿಂದ ಆ ಖರ್ಚು ಬೇಡ ಎನ್ನುತ್ತೇನೆ.

ಮುಂದೆ ಬಾರದಂತೆ ನೋಡಿಕೊಳ್ಳಲು ಒಂದು ತೇವಮಾಪಕ ತಂದಿಡಿ, ಹೈಗ್ರೋಮೀಟರ್ ಎಂದು ಕೇಳಿದರೆ ಕೊಡುತ್ತಾರೆ. ಕೋಣೆಯ ಆರ್ದ್ರತೆ ಶೇ. 60 ದಾಟಬಾರದು, 30ರಿಂದ 50ರೊಳಗಿದ್ದರೆ ಒಳ್ಳೆಯದು. ಮಳೆಗಾಲದಲ್ಲಿ ಗಾಳಿಯಾಡಲೆಂದು ಕಿಟಕಿ ತೆರೆದಿಡುವುದು ಎಷ್ಟೋ ಸಲ ಉಲ್ಟಾ ಹೊಡೆಯುತ್ತದೆ, ಹೊರಗಿನ ಗಾಳಿಯೇ ಹೆಚ್ಚು ತೇವವಾಗಿರುತ್ತದಲ್ಲ. ಅಂಥ ದಿನ ಕಿಟಕಿ ಮುಚ್ಚಿ ಎಸಿಯನ್ನು ಡ್ರೈ ಮೋಡ್‌ನಲ್ಲಿ ಓಡಿಸಿ, ಅಥವಾ ಡಿಹ್ಯೂಮಿಡಿಫೈಯರ್ ಬಳಸಿ. ನೀರು ಚೆಲ್ಲಿದರೆ 24ರಿಂದ 48 ಗಂಟೆಯೊಳಗೆ ಬುಡದವರೆಗೂ ಒಣಗಿಸಲೇಬೇಕು, ಆ ಗಡುವು ದಾಟಿದರೆ ಬೂಷ್ಟು ಬೇರೂರುತ್ತದೆ. ಮೇಲೆ ಕೈಯಾಡಿಸಿ ಒಣಗಿದೆ ಎಂದುಕೊಳ್ಳಬೇಡಿ. ಉಣ್ಣೆಯಂತೂ ತನ್ನ ತೂಕದ ಶೇ. 30ರಷ್ಟು ತೇವ ಹೀರಿಕೊಂಡರೂ ಕೈಗೆ ಒದ್ದೆ ಎನಿಸುವುದಿಲ್ಲ. ಒಣ ಟಿಶ್ಯೂ ಇಟ್ಟು ಹಿಮ್ಮಡಿಯಿಂದ ಬಲವಾಗಿ ಒತ್ತಿ ನೋಡಿ. ಸ್ಟೀಮ್ ಯಂತ್ರದಿಂದ ತೊಳೆಯಿಸುವುದಾದರೆ ಒಣ ಹವೆಯ ದಿನ ನೋಡಿಕೊಂಡು ಬೆಳಿಗ್ಗೆಯೇ ಮಾಡಿಸಿ, ರಾತ್ರಿಯೊಳಗೆ ಒಣಗಬೇಕು. ಹೂಕುಂಡ ಕಾರ್ಪೆಟ್ ಮೇಲೆ ಬೇಡ. ಸುತ್ತಿ ಎತ್ತಿಡುವ ಕಾರ್ಪೆಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯದೆ, ಪೂರ್ತಿ ಒಣಗಿಸಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ನೆಲ ತಾಗದಂತೆ ಇಡಿ.

ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯಲ್ಲಿ ನೆಲದಿಂದಲೇ ತೇವ ಏರುತ್ತಿದೆ ಎಂದು ಗೊತ್ತಾದರೆ, ನೆಲಕ್ಕೆ ತೇವ ತಡೆಯುವ ಪದರ ಹಾಕಿಸುವ ತನಕ ಆ ಕೋಣೆಗೆ ಹೊಸ ಪ್ಯಾಡೂ ಬೇಡ, ಕಾರ್ಪೆಟ್ಟೂ ಬೇಡ. ಅದು ಆಗದ ಮಾತಾದರೆ ಟೈಲ್ಸ್ ಹಾಕಿಸಿ ಮೇಲೆ ಸಣ್ಣ ಬಿಡಿ ಹಾಸು ಹಾಸಿಕೊಳ್ಳಿ, ಅದನ್ನಾದರೆ ಬೇಕೆಂದಾಗ ಎತ್ತಿ ಬಿಸಿಲಿಗೆ ಹಾಕಬಹುದು. ಮೂಲೆ ಎತ್ತಿದ ಮೇಲೆ ಮೊಳೆಗಳು ಹೇಗಿದ್ದವು, ಗೋಡೆಯ ಆಚೆ ಏನಿದೆ ಎಂದು ಕೆಳಗೆ ಬರೆಯಿರಿ, ನೀರಿನ ಮೂಲ ಹುಡುಕಲು ಇನ್ನೂ ಸ್ವಲ್ಪ ನೆರವಾಗಬಲ್ಲೆ.