ಹಪ್ಪಳವೋ ಹೊಲಿಗೆಯೋ ಎನ್ನುವ ಮೊದಲು ಸಾಲ ಯಾರಿಗೆ ಎಷ್ಟು ಎಂದು ಬರೆಯಿರಿ

ಶಿರಸಿ ಹತ್ತಿರ 12 ಹೆಂಗಸರ ಸ್ವಸಹಾಯ ಸಂಘ, ಬ್ಯಾಂಕು 3 ಲಕ್ಷ ಕೊಡುತ್ತೇನೆ ಎಂದಿದೆ, ಹಲಸಿನ ಹಪ್ಪಳ ಮಾಡೋಣವೋ ಹೊಲಿಗೆ ಯಂತ್ರ ತರೋಣವೋ ಎಂದು ಕೇಳಿದ್ದೀರಿ. ಸಂಘದ ಲೆಕ್ಕದ ಪುಸ್ತಕ ಬರೆದವಳು ನಾನು, ಈ ಪ್ರಶ್ನೆ ನನಗೆ ಚೆನ್ನಾಗಿ ಗೊತ್ತು. ಆದರೆ ಇದು ಎರಡನೆಯ ಪ್ರಶ್ನೆ. ಸಾಲ ಯಾರಿಗೆ ಎಷ್ಟು ಎಂಬ ಮೊದಲನೆಯದನ್ನು ನೀವು ಕೇಳಿಯೇ ಇಲ್ಲ.

ಹಣ ಖಾತೆಗೆ ಬಂದ ವಾರವೇ ಸಂಘ ಕೆಡಲು ಶುರುವಾಗುತ್ತದೆ. 3 ಲಕ್ಷ, 12 ಜನ, ತಲಾ 25,000. ಯಾರಿಗೂ ಬೇಸರವಾಗಬಾರದು ಎಂದು ಸಮಪಾಲು ಮಾಡುತ್ತಾರೆ. ಅಧ್ಯಕ್ಷೆಗೆ ಜಗಳ ಬೇಡ, ಬ್ಯಾಂಕಿನವರಿಗೆ ಕಡತ ಬೇಗ ಮುಗಿಯಬೇಕು. ಸಾಲ ಯೋಜನೆಯ ಅರ್ಜಿಯಲ್ಲಿ ಎಲ್ಲರ ಹೆಸರಿನ ಮುಂದೆ 'ಹೈನುಗಾರಿಕೆ' ಎಂದು ಒಂದೇ ಕೈಯಲ್ಲಿ ಬರೆದಿರುತ್ತದೆ. ಆಮೇಲೆ ಏನಾಗುತ್ತದೆ? ಹಪ್ಪಳಕ್ಕೆ 60,000 ಬೇಕಿದ್ದವಳಿಗೆ 25,000 ಸಿಗುತ್ತದೆ, ಉಳಿದದ್ದಕ್ಕೆ ವಾರದ ಕಂತಿನ ಫೈನಾನ್ಸಿಗೆ ಹೋಗುತ್ತಾಳೆ. ಏನೂ ಬೇಡವಾಗಿದ್ದವಳ 25,000 ಮನೆಯವರ ಬೈಕಿನ ಮುಂಗಡಕ್ಕೆ ಹೋಗುತ್ತದೆ. 24 ತಿಂಗಳ ಅವಧಿ ಎಂದರೆ ಅಸಲೇ ತಲಾ ತಿಂಗಳಿಗೆ ಸಾವಿರದ ಮೇಲೆ, ಬಡ್ಡಿ ಬೇರೆ. ಆ ಕಂತನ್ನು ಅವಳು ಅಡಿಕೆ ಸುಲಿದ ಕೂಲಿಯಿಂದ ಕಟ್ಟುತ್ತಾಳೆ. ಸುಲಿಯುವ ಕೆಲಸ ಮುಗಿದ ಮೇಲೆ ಕಂತು ನಿಲ್ಲುತ್ತದೆ. ಸಾಲ ಸಂಘದ ಹೆಸರಿನಲ್ಲಿರುವುದರಿಂದ ಇಬ್ಬರು ತಪ್ಪಿದರೂ 12 ಜನರ ಖಾತೆಯೇ ಸುಸ್ತಿ, ಅಂದರೆ ಕಂತು ತಪ್ಪಿದ ಖಾತೆ. ಮುಂದಿನ ಸಾಲ ಯಾರಿಗೂ ಇಲ್ಲ, ಮರುವಾರದ ಸಭೆಗೆ ಅರ್ಧ ಜನ ಬರುವುದಿಲ್ಲ.

ಇದು ನಮ್ಮೂರಿನ ಕಾಯಿಲೆ ಮಾತ್ರ ಅಲ್ಲ. ಬಾಂಗ್ಲಾದೇಶದ ಸಾಲಗಳನ್ನು ಪರಿಶೀಲಿಸಿ ಆನ್ ಮೇರಿ ಗೋಯೆಟ್ಜ್ ಮತ್ತು ರೀನಾ ಸೇನ್ ಗುಪ್ತಾ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಂಗಸರ ಹೆಸರಿನ ಸಾಲಗಳಲ್ಲಿ ಹಣದ ಮೇಲೆ ಅವರಿಗೆ ಪೂರ್ಣ ಅಥವಾ ಸಾಕಷ್ಟು ಹಿಡಿತ ಇದ್ದದ್ದು ಸುಮಾರು ಶೇ. 37ರಷ್ಟರಲ್ಲಿ ಮಾತ್ರ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಐದನೆಯದು ಲಿಂಗ ಸಮಾನತೆ. ಹಣಕಾಸು ಸೇವೆಗಳ ಜೊತೆಗೆ ಆಸ್ತಿಯ ಒಡೆತನ ಮತ್ತು ಹಿಡಿತವನ್ನೂ ಅಲ್ಲಿ ಹೇಳಿದೆ. ಹೆಂಗಸಿನ ಹೆಸರಿಗೆ ಸಾಲ ಬಂದ ಮಾತ್ರಕ್ಕೆ ಸಬಲೀಕರಣ ಆಯಿತು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅಂಕೋಲೆಯ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ಸಾರಾಯಿ ವಿರುದ್ಧ ಹೆಂಗಸರನ್ನು ಒಟ್ಟು ಮಾಡಿದ್ದು ಸಾಲದ ಆಸೆ ತೋರಿಸಿ ಅಲ್ಲ.

ಹಾಗಾಗಿ ಮೊದಲು ಒಂದು ಸಭೆ ಕರೆದು ಪ್ರತಿಯೊಬ್ಬಳೂ ಮೂರು ವಿಷಯ ಹೇಳಲಿ: ಯಾವುದಕ್ಕೆ ಬೇಕು, ಎಷ್ಟು ಬೇಕು, ಯಾವ ತಿಂಗಳಿಂದ ತೀರಿಸಲು ಆಗುತ್ತದೆ. 'ಈಗ ಬೇಡ' ಎನ್ನುವುದೂ ಉತ್ತರವೇ, ಅದನ್ನೂ ಠರಾವು ಪುಸ್ತಕದಲ್ಲಿ ಬರೆಯಿರಿ. ನಾಲ್ಕೈದು ಜನರಿಗೆ ಬೇಕಾದಷ್ಟು ಪೂರ್ತಿ ಕೊಡಿ, ಉಳಿದವರ ಸರದಿ ಅದೇ ಪುಟದಲ್ಲಿ ಗೊತ್ತುಮಾಡಿ. ಸರದಿ ಬರಹದಲ್ಲಿದ್ದರೆ ಹೊಟ್ಟೆಕಿಚ್ಚಿಗೆ ಜಾಗ ಕಡಿಮೆ. ಯಂತ್ರ, ಪಾತ್ರೆ ಏನೇ ಇರಲಿ, ಕೊಟೇಶನ್ ತರಿಸಿ ಅಂಗಡಿಯ ಖಾತೆಗೇ ಹಣ ಹಾಕಿ. ಬಿಲ್ಲು ಆ ಸದಸ್ಯೆಯ ಹೆಸರಿನಲ್ಲೇ ಇರಲಿ, ಅವಳ ಮನೆಯವರ ಹೆಸರಿನಲ್ಲಿ ಬೇಡ. ಇನ್ನೊಂದು, ಇದನ್ನು ಯಾರೂ ನೋಡುವುದಿಲ್ಲ: ಅವಳ ಉಳಿತಾಯ ಖಾತೆಗೆ ಯಾರ ಮೊಬೈಲ್ ನಂಬರ್ ಜೋಡಿಸಿದೆ? ಮಗನದ್ದಾದರೆ ಎಸ್‌ಎಂಎಸ್, ಒಟಿಪಿ, ಯುಪಿಐ ಎಲ್ಲ ಮಗನ ಕೈಯಲ್ಲಿ. ಸಾಲಕ್ಕೆ ಮೊದಲೇ ಶಾಖೆಗೆ ಹೋಗಿ ನಂಬರ್ ಬದಲಿಸಿ.

ಉದ್ಯಮದ ಮಾತಿಗೆ ಬಂದರೆ, ಹೊಲಿಗೆ ಬೇಡ. ಒಂದೇ ಊರಿನಲ್ಲಿ ಹನ್ನೆರಡು ಯಂತ್ರಕ್ಕೆ ಬೇಕಾದಷ್ಟು ರವಿಕೆ ಎಲ್ಲಿಂದ ಬರಬೇಕು?

ಹಪ್ಪಳ ಆಗಬಹುದು, ಆದರೆ ಅದರ ಕಾಲವನ್ನು ಸಾಲಕ್ಕೆ ಹೊಂದಿಸಬೇಕು. ಹಣ್ಣಾಗುವ ಮೊದಲಿನ ಬಲಿತ ಕಾಯಿಯೇ ಬೇಕು. ಎಳೆಯದಾದರೆ ಹಿಟ್ಟು ಅಂಟಿಕೊಳ್ಳದೆ ಹಪ್ಪಳ ಒಡೆಯುತ್ತದೆ, ಹಣ್ಣಿಗೆ ತಿರುಗಿದ್ದರೆ ಕರಿದಾಗ ಕೆಂಪಾಗುತ್ತದೆ. ಸೊಳೆಯನ್ನು ನೀರಿನಲ್ಲಿ ಮುಳುಗಿಸದೆ ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಮೆಣಸು, ಜೀರಿಗೆ ಹಾಕಿ ನೀರು ತಾಗಿಸದೆ ರುಬ್ಬಿ. ತಟ್ಟಿ ಬಿಸಿಲಿಗೆ ಹಾಕಿದಾಗ ಅಂಚು ಒಣಗಿ ನಡು ಹಸಿ ಉಳಿದರೆ ಮಳೆಗಾಲದಲ್ಲಿ ಇಡೀ ಡಬ್ಬಕ್ಕೆ ಬೂಷ್ಟು. ಈ ಕೆಲಸ ಮುಂಗಾರಿನ ಮೊದಲೇ ಮುಗಿಯಬೇಕು, ಅಂದರೆ ಖರ್ಚೆಲ್ಲ ಮಾರ್ಚಿನಿಂದ ಮೇ ತಿಂಗಳೊಳಗೆ. ಹಣ ಮರಳುವುದು ಮಳೆ ಹಿಡಿದು ಹಪ್ಪಳಕ್ಕೆ ಗಿರಾಕಿ ಬಂದ ಮೇಲೆ. ಏಪ್ರಿಲಿನಿಂದಲೇ ತಿಂಗಳ ಕಂತು ಶುರುವಾದರೆ ಮಾಲು ಮಾರುವ ಮೊದಲೇ ನೀವು ಸುಸ್ತಿದಾರರು.

ಅದಕ್ಕೇ ತಿಂಗಳ ಕಂತು ಕಟ್ಟುವ ಅವಧಿ ಸಾಲ ಬೇಡ, ನಗದು ಸಾಲ, ಅಂದರೆ ಕ್ಯಾಶ್ ಕ್ರೆಡಿಟ್, ಕೇಳಿ. ತೆಗೆದಷ್ಟಕ್ಕೆ ಮಾತ್ರ ಬಡ್ಡಿ, ಮಾರಾಟವಾದಂತೆ ತುಂಬಬಹುದು, ಬೇಕಾದಾಗ ಮತ್ತೆ ತೆಗೆಯಬಹುದು. ಸ್ವಸಹಾಯ ಸಂಘಕ್ಕೆ ಎರಡರಲ್ಲಿ ಒಂದನ್ನು ಆರಿಸುವ ಅವಕಾಶ ಉಂಟು. ಸಂಘ ಕನಿಷ್ಠ 6 ತಿಂಗಳು ಚಟುವಟಿಕೆಯಲ್ಲಿದ್ದದ್ದು ಪುಸ್ತಕದಲ್ಲಿ ಕಾಣಬೇಕು. 10 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ, ಮನೆಯ ಗಂಡಸರ ಸಹಿಯೂ ಬೇಕಾಗಿಲ್ಲ. ಶಾಖೆಯಲ್ಲಿ ಬೇರೆ ಏನಾದರೂ ಹೇಳಿದರೆ ಬಾಯಿಮಾತಿಗೆ ಒಪ್ಪಿ ಎದ್ದು ಬರಬೇಡಿ, ಬರಹದಲ್ಲಿ ಕೊಡಿ ಎಂದು ಕೇಳಿ. ಹೋಗುವಾಗ ಮೂವರು ಒಟ್ಟಿಗೆ ಹೋಗಿ, ಠರಾವು ಪುಸ್ತಕ ಕೈಯಲ್ಲಿರಲಿ.