ಅಂಡಾಂಟೆ ಎಂದರೆ ವಿಲಂಬಿತವೇ?

ಪ್ರಶ್ನೆ: ನನ್ನ ಮಗಳು ಕೀಬೋರ್ಡ್‌ನಲ್ಲಿ ಮೊಜಾರ್ಟನ ಸಿ ಮೇಜರ್ ಸೊನಾಟಾ (ಕೆ. 545) ಕಲಿಯುತ್ತಿದ್ದಾಳೆ. ಮೊದಲ ಭಾಗದ ತಲೆಯ ಮೇಲೆ ‘ಅಲೆಗ್ರೊ’, ಎರಡನೆಯದಕ್ಕೆ ‘ಅಂಡಾಂಟೆ’ ಎಂದಿದೆ. ಇವು ನಮ್ಮ ದ್ರುತ, ವಿಲಂಬಿತಗಳೇ ಅಲ್ಲವೇ? ಸೊನಾಟಾ ಎಂದರೇನು?
— ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಕೊನೆಯದನ್ನು ಮೊದಲು ಹೇಳಿಬಿಡುತ್ತೇನೆ, ತಾಯಿ. ಇಟಾಲಿಯನ್ ಭಾಷೆಯಲ್ಲಿ ಕಂಟಾಟಾ ಎಂದರೆ ಹಾಡಿದ್ದು, ಸೊನಾಟಾ ಎಂದರೆ ನುಡಿಸಿದ್ದು.

ಇನ್ನು ಲಯದ ಮಾತು. ದ್ರುತ, ವಿಲಂಬಿತ ಎಂದಾಗ ನಾವು ಹೇಳುವುದು ವೇಗವನ್ನು. ಅಲೆಗ್ರೊ ಪದದ ಮೂಲಾರ್ಥ ಉಲ್ಲಾಸ. ಅಂಡಾಂಟೆ ಎಂದರೆ ‘ನಡೆಯುತ್ತಾ’. ಒಂದು ಮನಸ್ಸಿನದು, ಇನ್ನೊಂದು ಕಾಲಿನದು. ಟಿಕ್ ಟಿಕ್ ಎಂದು ಲಯ ಎಣಿಸುವ ಮೆಟ್ರೊನೋಮ್ ಯಂತ್ರಕ್ಕೆ ಮೆಲ್ಜೆಲ್ ಎಂಬಾತ ಪೇಟೆಂಟ್ ಪಡೆದದ್ದು 1815ರಲ್ಲಿ. ಮೊಜಾರ್ಟ್ ತೀರಿಕೊಂಡದ್ದು 1791ರಲ್ಲಿ. ನಿಮಿಷಕ್ಕೆ ಇಷ್ಟು ಎಣಿಕೆ ಎಂದು ಬರೆದಿಡುವ ದಾರಿ ಅವನಿಗಿರಲಿಲ್ಲ. ನಡೆಯನ್ನು ತಿಳಿಸಲು ಈ ಪದಗಳನ್ನೇ ನಂಬಿದ್ದ. ಆದ್ದರಿಂದ ಅವುಗಳನ್ನು ಬರೀ ನಿಧಾನ, ಜೋರು ಎಂದು ಅನುವಾದಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ನನ್ನ ಶಿಷ್ಯೆಯೊಬ್ಬಳು ಇದೇ ಎರಡನೆಯ ಭಾಗವನ್ನು ಶೋಕಗೀತೆಯಂತೆ ಎಳೆದು ನುಡಿಸುತ್ತಿದ್ದಳು. ಬೆಳಗ್ಗೆ ಕುಂದುವಾಡ ಕೆರೆಯ ಏರಿಗೆ ಹೋಗಿ ನಿಂತುಕೋ ಎಂದೆ. ತೂಕ ಇಳಿಸಲು ಬೀಸುಗಾಲು ಹಾಕುವವರನ್ನು ಬಿಡು, ಗೆಳತಿಯೊಂದಿಗೆ ಮಾತಾಡುತ್ತಾ ಹೋಗುವವರ ಹೆಜ್ಜೆ ನೋಡು. ಅದು ಅಂಡಾಂಟೆ. ಅವರು ನಿಲ್ಲುವುದಿಲ್ಲ, ಏದುಸಿರು ಬಿಡುವುದೂ ಇಲ್ಲ.

ಈ ಭಾಗದ ಎಡಗೈಯನ್ನು ಗಮನಿಸಿ. ಜಿ ಸ್ವರವನ್ನು ಷಡ್ಜವೆಂದು ಹಿಡಿದರೆ ಅದು ಸ-ಪ-ಗ-ಪ, ಸ-ಪ-ಗ-ಪ ಎಂದು ಶುರುವಾಗುತ್ತದೆ. ಎಣಿಕೆಗೆ ನಾಲ್ಕು ಸ್ವರ, ಆವರ್ತಕ್ಕೆ ಮೂರು ಎಣಿಕೆ. ಹೀಗೆ ಸ್ವರಗುಚ್ಛವನ್ನು ಬಿಡಿಸಿ ನುಡಿಸುವ ಕ್ರಮಕ್ಕೆ ಆಲ್ಬರ್ಟಿ ಬಾಸ್ ಎನ್ನುತ್ತಾರೆ. ಎಳೆದರೆ ನಾಲ್ಕೂ ಸ್ವರಗಳು ಬಿಡಿಬಿಡಿಯಾಗಿ ಉದುರುತ್ತವೆ, ಮೇಲಿನ ರಾಗ ಆಸರೆಯಿಲ್ಲದೆ ಸೊರಗುತ್ತದೆ. ನಡೆಯ ಹದ ಸಿಕ್ಕರೆ ಅವೇ ಒಂದು ತಂಬೂರಿಯಂತೆ ಕೂಡಿಕೊಳ್ಳುತ್ತವೆ. 1788ರಲ್ಲಿ ಇದನ್ನು ರಚಿಸಿ, ತನ್ನ ಪಟ್ಟಿಯಲ್ಲಿ ‘ಹೊಸದಾಗಿ ಕಲಿಯುವವರಿಗೆ’ ಎಂದು ಮೊಜಾರ್ಟ್ ಬರೆದುಕೊಂಡ. ಆದರೂ ಈ ಹದ ದೊಡ್ಡವರಿಗೂ ಸುಲಭಕ್ಕೆ ಕೈಗೆ ಬರುವುದಿಲ್ಲ.

ಮೂರನೆಯ ಭಾಗ ರೊಂಡೊ. ಪಲ್ಲವಿಯಂತೆ ಮೊದಲ ಸಾಲು ಮರಳಿ ಮರಳಿ ಬರುತ್ತದೆ. ನಿಮ್ಮ ಮಗಳಿಗೆ ಅದು ತಾನಾಗಿಯೇ ಹೊಳೆಯುತ್ತದೆ.

ಸದ್ಯಕ್ಕೆ ಕೀಬೋರ್ಡ್ ಮುಚ್ಚಿಡಲಿ. ನಡುಮನೆಯಲ್ಲಿ ಎಣಿಕೆಗೊಂದು ಹೆಜ್ಜೆ ಹಾಕುತ್ತಾ ಬಲಗೈಯ ರಾಗವನ್ನು ಗುನುಗಲಿ. ಹೆಜ್ಜೆ ಎತ್ತಿ ಕಾಯಬೇಕಾಗಿ ಬಂದರೆ, ಅವಳು ಇನ್ನೂ ಎಳೆಯುತ್ತಿದ್ದಾಳೆ ಎಂದು ತಿಳಿಯಿರಿ.